ಡೆಟ್ರಾಯಿಟ್‌ನಲ್ಲಿ ಒಂದು ಶನಿವಾರ: ಕಾರಿಲ್ಲದೆ, ಅಪ್ಪನ ಜೊತೆ ಏನೇನು ನೋಡಬಹುದು?

ಶರಾವತಿಯ ಮಗಳು

ಸೆಪ್ಟೆಂಬರ್‌ನಲ್ಲಿ ಕಚೇರಿಯ ಕೆಲಸದ ಮೇಲೆ ಡೆಟ್ರಾಯಿಟ್‌ಗೆ ಹೋಗುತ್ತಿದ್ದೇನೆ. ಕೆಲಸ ಶುಕ್ರವಾರ ಮುಗಿಯುತ್ತದೆ, ವಿಮಾನ ಇರುವುದು ಭಾನುವಾರ. ಶಿಕಾಗೋದ ತಮ್ಮನ ಮನೆಗೆ ಬಂದಿರುವ ಅಪ್ಪ ಶುಕ್ರವಾರ ರಾತ್ರಿ ರೈಲಿನಲ್ಲಿ ಬಂದು ನನ್ನನ್ನು ಸೇರಿಕೊಳ್ಳುತ್ತಾರೆ. ಹಾಗಾಗಿ ಶನಿವಾರ ಇಬ್ಬರಿಗೂ ಬಿಡುವು.

ಅಪ್ಪ ನಿವೃತ್ತಿಯಾಗುವವರೆಗೂ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಮಾಲ್, ಗೋಪುರ, ದೋಣಿ ವಿಹಾರ ಯಾವುದೂ ಅವರಿಗೆ ಬೇಡ. "ಕಾರಿನ ಊರಂತೆ, ಅಲ್ಲಿ ಯಂತ್ರ ತೋರಿಸು" ಎಂದು ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಾರೆ. ಸಮತಟ್ಟಾದ ನೆಲದಲ್ಲಿ ಎಷ್ಟು ಬೇಕಾದರೂ ನಡೆಯುತ್ತಾರೆ; ಮೆಟ್ಟಿಲು ಕಂಡರೆ ಮಂಡಿ ಹಿಡಿದುಕೊಳ್ಳುತ್ತಾರೆ. ಕಾರು ಬಾಡಿಗೆಗೆ ಪಡೆಯುವ ಯೋಚನೆ ಇಲ್ಲ. ಇಬ್ಬರೂ ಸಸ್ಯಾಹಾರಿಗಳು.

ಈ ಊರಿನ ಬಗ್ಗೆ ನಾನು ಓದಿದ ಬರಹಗಳಲ್ಲಿ ಅರ್ಧ ಊರು ಮುಗಿದೇಹೋಯಿತು ಎನ್ನುತ್ತವೆ, ಉಳಿದರ್ಧ ಎದ್ದು ಓಡುತ್ತಿದೆ ಎನ್ನುತ್ತವೆ. ಅಲ್ಲಿ ಇರುವವರು, ಹೋಗಿಬಂದವರು ದಯವಿಟ್ಟು ದಾರಿ ತೋರಿಸಿ.

ಕಬ್ಬಿಣದ ಕಡಲೆ

ತಂದೆಯವರು ಟರ್ನರ್ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ ತಂಗಿ. ಈ ಊರಿನ ಆಸುಪಾಸಿನಲ್ಲೇ ವಾಹನ ಬಿಡಿಭಾಗಗಳ ಉದ್ಯಮದಲ್ಲಿ ನನ್ನ ಆಯುಷ್ಯದ ದೊಡ್ಡ ಪಾಲು ಕಳೆದಿದೆ. ಬಂದ ನೆಂಟರಿಗೆಲ್ಲ ಊರು ತೋರಿಸುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಅದರಿಂದ ಕಲಿತದ್ದು ಒಂದೇ: ಊರು ಎದ್ದಿತೋ ಇಲ್ಲವೋ ಎಂಬ ಪಂಚಾಯಿತಿಗೆ ಒಂದು ದಿನದ ಅತಿಥಿ ಕೂರಬಾರದು. ಕೆಲಸ ಇಲ್ಲಿಗೆ ಹೇಗೆ ಬಂತು, ಹೇಗೆ ಹೊರಟುಹೋಯಿತು ಎಂದು ನೋಡಿದರೆ ಸಾಕು. ಅದಕ್ಕೆ ಒಂದೇ ರಸ್ತೆ ಇದೆ, ವುಡ್‌ವರ್ಡ್ ಅವೆನ್ಯೂ. ನದಿಯ ಕಡೆಯಿಂದ ಉತ್ತರಕ್ಕೆ ನೇರವಾಗಿ ಹೋಗುತ್ತದೆ. ಅದರ ಮೇಲೆ ಕ್ಯೂಲೈನ್ ಎಂಬ ಟ್ರ್ಯಾಮ್ ಓಡುತ್ತದೆ, 2017ರಿಂದ. ಒಟ್ಟು 3.3 ಮೈಲಿ, ಟಿಕೆಟ್ ಇಲ್ಲ. ಅದಕ್ಕೆ ಸ್ವಂತ ದಾರಿ ಹೆಚ್ಚಾಗಿ ಇಲ್ಲ, ಕಾರುಗಳ ನಡುವೆಯೇ ಹೋಗಬೇಕು. ಆದ್ದರಿಂದ ಗಡಿಯಾರ ನೋಡಿಕೊಂಡು ಹತ್ತಬೇಡಿ.

ನನ್ನ ಮಾತು ಕೇಳುವುದಾದರೆ ಮೊದಲು ಉತ್ತರದ ತುದಿಗೆ ಹೋಗಿ, ಆಮೇಲೆ ನದಿಯ ಕಡೆ ಇಳಿಯುತ್ತ ಬನ್ನಿ.

ಮೊದಲ ನಿಲುಗಡೆ ಪಿಕೆಟ್ ಅವೆನ್ಯೂ ಕಾರ್ಖಾನೆ. ಫೋರ್ಡ್ ಕಂಪನಿ 1904ರಲ್ಲಿ ಕಟ್ಟಿಸಿದ ಮೂರು ಅಂತಸ್ತಿನ ಇಟ್ಟಿಗೆ ಕಟ್ಟಡ, ಈಗ ವಸ್ತುಸಂಗ್ರಹಾಲಯ. 1908ರಲ್ಲಿ ಮೊದಲ ಮಾಡೆಲ್ ಟಿ ಕಾರು ಇಲ್ಲೇ ತಯಾರಾಯಿತು. ಹೊರಗಿನಿಂದ ಹತ್ತಿಗಿರಣಿಯಂತೆ ಕಾಣುತ್ತದೆ, ಏಕೆಂದರೆ ಆ ಕಾಲಕ್ಕೆ ಕಾರ್ಖಾನೆ ಎಂದರೆ ಗಿರಣಿಯ ನಕ್ಷೆಯೇ. ಉದ್ದನೆಯ ಕಿರಿದಾದ ಕಟ್ಟಡ, ಎರಡೂ ಬದಿಗೆ ಸಾಲು ಕಿಟಕಿ, ಮರದ ನೆಲ. ಇಲ್ಲಿ ಚಲಿಸುವ ಜೋಡಣಾ ಸಾಲು ಇರಲಿಲ್ಲ. ಕಾರು ನಿಂತಲ್ಲೇ ನಿಂತಿರುತ್ತಿತ್ತು, ಕೆಲಸಗಾರರು ಅದರ ಸುತ್ತ ಓಡಾಡಬೇಕಿತ್ತು. ಕಾರು ಜನರ ಕಡೆಗೆ ಬರತೊಡಗಿದ್ದು 1913ರಲ್ಲಿ, ಇನ್ನೂ ಉತ್ತರಕ್ಕಿರುವ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ. ಚಾಸಿ, ಅಂದರೆ ಕಾರಿನ ಅಡಿಚೌಕಟ್ಟು, ಜೋಡಿಸಲು ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು 93 ನಿಮಿಷಕ್ಕೆ ಇಳಿಯಿತು. ಅದೇ ವರ್ಷ ಕಾರ್ಮಿಕರು ಕೆಲಸ ಬಿಟ್ಟುಹೋಗುವ ಪ್ರಮಾಣ ಶೇಕಡಾ 370ಕ್ಕೆ ಏರಿತು. ನೂರು ಜನರ ಜಾಗ ತುಂಬಿಡಲು ವರ್ಷದಲ್ಲಿ ಮುನ್ನೂರೆಪ್ಪತ್ತು ಜನರನ್ನು ಸೇರಿಸಿಕೊಳ್ಳಬೇಕು ಎಂದರ್ಥ. 1914ರ ಜನವರಿಯಲ್ಲಿ ಘೋಷಿಸಿದ ದಿನಕ್ಕೆ 5 ಡಾಲರ್ ಕೂಲಿಯನ್ನು ಎಲ್ಲರೂ ಔದಾರ್ಯ ಎಂದು ಹಾಡುತ್ತಾರೆ. ತಂದೆಯವರಿಗೆ ಈ ಎರಡು ಅಂಕಿಗಳನ್ನು ಒಟ್ಟಿಗೆ ಹೇಳಿ ನೋಡಿ, ಅವರು ಏನೆನ್ನುತ್ತಾರೋ ಕೇಳುವ ಆಸೆ ನನಗೂ ಇದೆ.

ಎರಡನೆಯದು ಡೆಟ್ರಾಯಿಟ್ ಇನ್‌ಸ್ಟಿಟ್ಯೂಟ್ ಆಫ್ ಆರ್ಟ್ಸ್. ಟ್ರ್ಯಾಮಿನಲ್ಲಿ ಅಲ್ಲಿಂದ ಕೆಲವೇ ನಿಲ್ದಾಣ. ಕಲಾ ಸಂಗ್ರಹಾಲಯ ಎಂದು ತಂದೆಯವರು ಮುಖ ತಿರುಗಿಸಿದರೂ ಬಿಡಬೇಡಿ. ಒಳಗೆ ಮೆಕ್ಸಿಕೋದ ಡಿಯಾಗೋ ರಿವೇರಾ 1932-33ರಲ್ಲಿ ಬರೆದ 27 ಭಿತ್ತಿಚಿತ್ರಗಳ ಅಂಗಳವಿದೆ. ನಾಲ್ಕೂ ಗೋಡೆಗಳ ಮೇಲೆ ಚಿತ್ರ, ಉತ್ತರ ಮತ್ತು ದಕ್ಷಿಣದ ದೊಡ್ಡ ಗೋಡೆಗಳಲ್ಲಿ ಫೋರ್ಡ್‌ನ ರೂಜ್ ಕಾರ್ಖಾನೆ. ಯಂತ್ರವನ್ನು ಇಷ್ಟು ಗೌರವದಿಂದ ನೋಡಿದ ಚಿತ್ರಕಾರ ಇನ್ನೊಬ್ಬನಿಲ್ಲ ಎಂಬುದು ನನ್ನ ಅಭಿಪ್ರಾಯ, ಯಾರು ಬೇಕಾದರೂ ಜಗಳಕ್ಕೆ ಬರಬಹುದು. ಇದಕ್ಕೆ ಎರಡು ಗಂಟೆ ಕೊಡಿ.

ಮೂರನೆಯದು ಊರಿನ ನಡುಭಾಗ. ಗಾರ್ಡಿಯನ್ ಬಿಲ್ಡಿಂಗ್‌ನ ಒಳಾಂಗಣ ತೆರೆದಿದ್ದರೆ ಹತ್ತು ನಿಮಿಷ ತಲೆಯೆತ್ತಿ ನಿಲ್ಲಿ. 1929ರ ಕಟ್ಟಡ, ಬ್ಯಾಂಕಿಗಾಗಿ ಕಟ್ಟಿದ್ದು, ಆದರೆ ಬಣ್ಣದ ಹೆಂಚುಗಳ ಚಾವಣಿ ನೋಡಿದರೆ ಹಣದ ವ್ಯವಹಾರ ನಡೆಯುತ್ತಿತ್ತೆಂದು ನಂಬಲಾಗದು. ಅದೇ ವರ್ಷ ಷೇರುಪೇಟೆ ಕುಸಿಯಿತು. ಕೊನೆಗೆ ನದಿ ದಂಡೆ. ಅಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಕೆನಡಾ ಕಾಣುತ್ತದೆ. ಹೌದು, ದಕ್ಷಿಣಕ್ಕೇ. ನಕ್ಷೆ ತೆರೆದು ನೋಡಿಕೊಳ್ಳಿ.

ಎಲ್ಲದಕ್ಕೂ ಹೊರಡುವ ಮೊದಲು ತೆರೆದಿರುವ ಸಮಯ ಮತ್ತು ಲಿಫ್ಟಿನ ಅನುಕೂಲ ಕೇಳಿಕೊಳ್ಳಿ.

ನಡುಹಗಲ ನಕ್ಷತ್ರ

ಕಡಲೆ ಸರ್ ಬರೆದದ್ದು ಚೆನ್ನಾಗಿದೆ, ಆದರೆ ಇದು ಶಾಲಾ ಪ್ರವಾಸದ ಪಟ್ಟಿಯಂತಿದೆ. ಡೆಟ್ರಾಯಿಟ್ ಎಂದರೆ ಪ್ಯಾಕಾರ್ಡ್ ಕಾರ್ಖಾನೆ! ಒಡೆದ ಕಿಟಕಿ, ಚಾವಣಿಯ ಮೇಲೆ ಬೆಳೆದ ಮರ, ಖಾಲಿ ಚಿತ್ರಮಂದಿರ. ಜಗತ್ತಿನ ಛಾಯಾಗ್ರಾಹಕರೆಲ್ಲ ಅಲ್ಲಿಗೆ ಹೋಗುವುದು ಅದಕ್ಕೇ. ಬೆಳಗಿನ ಹೊತ್ತು ಒಂದು ಗಂಟೆ ಅಲ್ಲಿಗೆ ಕೊಡಿ.

ಕಬ್ಬಿಣದ ಕಡಲೆ

ನಕ್ಷತ್ರ ಅವರೇ, ನಿಮ್ಮ ಪಂಚಾಂಗ ಹಳೆಯದು. ಪ್ಯಾಕಾರ್ಡ್ ಕೆಡವುವ ಕೆಲಸ 2022ರಲ್ಲಿ ಆರಂಭವಾಗಿ 2024ರ ಕೊನೆಗೆ ಮುಗಿದಿದೆ. ಈಗ ಹೋದರೆ ಬಯಲು ಕಾಣುತ್ತದೆ.

ಆ ಕಟ್ಟಡ ಏಕೆ ಪಾಳುಬಿತ್ತು ಎಂಬುದು ಫೋಟೋಗಿಂತ ಸ್ವಾರಸ್ಯದ ವಿಷಯ. ಆಲ್ಬರ್ಟ್ ಕಾನ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ, 1903ರಿಂದ ಕಟ್ಟುತ್ತ ಹೋದದ್ದು, ಒಟ್ಟು ಸುಮಾರು 35 ಲಕ್ಷ ಚದರಡಿ. ಬಲಪಡಿಸಿದ ಕಾಂಕ್ರೀಟಿನ ಕಾರ್ಖಾನೆಗಳಿಗೆ ಅಮೆರಿಕದಲ್ಲಿ ದಾರಿ ಮಾಡಿಕೊಟ್ಟವನು ಆತ. ಕಂಬಗಳು ದೂರದೂರ, ಗೋಡೆಯ ತುಂಬ ಕಿಟಕಿ, ಒಳಗೆಲ್ಲ ಬೆಳಕು. ಆದರೆ ಕಟ್ಟಡ ಬಹುಮಹಡಿಯದು. ಜೋಡಣಾ ಸಾಲು ಬಂದ ಮೇಲೆ ಉದ್ಯಮಕ್ಕೆ ಬೇಕಾದದ್ದು ಒಂದೇ ನೆಲದ, ಮೈಲಿಗಟ್ಟಲೆ ಚಾಚಿದ ಕಟ್ಟಡ. ಅಷ್ಟು ಜಾಗ ಊರೊಳಗೆ ಎಲ್ಲಿದೆ? ಕಾರ್ಖಾನೆಗಳು ಹೊರವಲಯಕ್ಕೆ, ಆಮೇಲೆ ಬೇರೆ ರಾಜ್ಯಗಳಿಗೆ ಹೋದವು. 1967ರ ಗಲಭೆಯಿಂದ ಊರು ಹಾಳಾಯಿತು ಎನ್ನುವವರು ನನಗೆ ವಾರಕ್ಕೊಬ್ಬರಾದರೂ ಸಿಗುತ್ತಾರೆ. 1947ರಿಂದ 1963ರೊಳಗೆ ಡೆಟ್ರಾಯಿಟ್ ಕಳೆದುಕೊಂಡ ಕಾರ್ಖಾನೆ ಕೆಲಸಗಳು 1,34,000. ಗಲಭೆಯ ಹೊತ್ತಿಗೆ ಬುಡ ಸಡಿಲವಾಗಿ ಬಹಳ ಕಾಲವಾಗಿತ್ತು.

ಮಿಡ್‌ಟೌನ್ ವಾಸಿ

ಪಾಳುಕಟ್ಟಡ ಪ್ರವಾಸದ ಬಗ್ಗೆ ಇಲ್ಲಿ ವಾಸಿಸುವವಳಾಗಿ ಒಂದು ಮಾತು. ನಿಮ್ಮ ಫೋಟೋದಲ್ಲಿ ಖಾಲಿ ಕಾಣುವ ಮನೆಯ ಪಕ್ಕದ ಮನೆಯಲ್ಲಿ ಸಾಮಾನ್ಯವಾಗಿ ಜನ ಇರುತ್ತಾರೆ. ಹುಲ್ಲು ಕತ್ತರಿಸಿರುತ್ತಾರೆ, ಮೆಟ್ಟಿಲಿನ ಮೇಲೆ ಹೂಕುಂಡ ಇಟ್ಟಿರುತ್ತಾರೆ. ಕ್ಯಾಮೆರಾದ ಚೌಕಟ್ಟಿನಿಂದ ಅವರನ್ನು ಹೊರಗೆ ಇಟ್ಟರೆ ಮಾತ್ರ ನಿಮ್ಮ ಚಿತ್ರ ಚೆನ್ನಾಗಿ ಬರುವುದು.

ಪ್ಯಾಕಾರ್ಡ್‌ನಿಂದ ಹೊರಬಿದ್ದ ಒಂದು ವಸ್ತುವಿನ ಕಥೆ ಕೇಳಿ. 2010ರಲ್ಲಿ ಬ್ಯಾಂಕ್ಸಿ ಎಂಬ ಗೋಡೆ ಚಿತ್ರಕಾರ ಅಲ್ಲಿ ಒಂದು ಚಿತ್ರ ಬರೆದ. ಇಲ್ಲಿನ ಒಂದು ಕಲಾ ಗ್ಯಾಲರಿಯವರು ಗೋಡೆಯನ್ನೇ ಕೊಯ್ದು ಸಾಗಿಸಿದರು. 2015ರಲ್ಲಿ ಅದು ಹರಾಜಿನಲ್ಲಿ ಒಂದು ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಆ ದಿನಗಳಲ್ಲಿ ಅದೇ ಸುತ್ತಮುತ್ತಲಿನ ಮನೆಗಳನ್ನು ಕೆಲವು ನೂರು ಡಾಲರಿಗೆ ಕೊಡುತ್ತೇನೆಂದರೂ ಕೇಳುವವರಿರಲಿಲ್ಲ.

ಪಾಳುಬಿದ್ದದ್ದನ್ನು ನೋಡಲೇಬೇಕೆಂದರೆ ಹೈಡೆಲ್‌ಬರ್ಗ್ ಪ್ರಾಜೆಕ್ಟ್‌ಗೆ ಹೋಗಿ. ಟೈರೀ ಗೈಟನ್ ಎಂಬ ಕಲಾವಿದ ತಾನು ಬೆಳೆದ ಬೀದಿಯನ್ನೇ 1986ರಿಂದ ಬಿಸಾಡಿದ ಬೊಂಬೆ, ಬೂಟು, ಗಡಿಯಾರ, ಕಾರಿನ ಬಾನೆಟ್‌ಗಳಿಂದ ತುಂಬಿಸಿದ್ದಾನೆ. ನಗರಾಡಳಿತ 1991ರಲ್ಲಿ ಒಮ್ಮೆ, 1999ರಲ್ಲಿ ಇನ್ನೊಮ್ಮೆ ಭಾಗಶಃ ಕೆಡವಿತು. 2013-14ರಲ್ಲಿ ಯಾರೋ ಬೆಂಕಿಯಿಟ್ಟು ಹಲವು ಮನೆಗಳು ಹೋದವು. ಆದರೂ ಇದೆ. ಆದರೆ ಟ್ರ್ಯಾಮ್ ದಾರಿಯಿಂದ ದೂರ, ಟ್ಯಾಕ್ಸಿ ಬೇಕು. ತಂದೆಯವರನ್ನು ಕರೆದುಕೊಂಡು ಒಂದೇ ದಿನದಲ್ಲಿ ಇದನ್ನೂ ಸೇರಿಸಬೇಡಿ.

ಶನಿವಾರ ಎಂದಿದ್ದೀರಿ, ಹಾಗಾದರೆ ಈಸ್ಟರ್ನ್ ಮಾರ್ಕೆಟ್ ತಪ್ಪಿಸಬೇಡಿ. 1891ರಿಂದ ಅದೇ ಜಾಗದಲ್ಲಿ ನಡೆಯುತ್ತಿರುವ ಸಂತೆ, ಶನಿವಾರವೇ ದೊಡ್ಡದು. ರೈತರ ತರಕಾರಿ, ಹಣ್ಣು, ಹೂವು. ಸುತ್ತಲಿನ ಗೋದಾಮುಗಳ ಗೋಡೆಗಳ ಮೇಲೆಲ್ಲ ಚಿತ್ರ. ಬಿಳಿಯರು, ಕರಿಯರು, ಅರಬರು, ಬಂಗಾಳಿಗಳು ಎಲ್ಲರೂ ಒಂದೇ ಗಾಡಿಯ ಮುಂದೆ ಚೌಕಾಸಿ ಮಾಡುವುದು ಈ ಊರಿನಲ್ಲಿ ಬೇರೆಲ್ಲೂ ಅಷ್ಟಾಗಿ ಕಾಣದು. ಅಲ್ಲಿಂದ ನದಿಗೆ ಡಿಕ್ವಿಂಡರ್ ಕಟ್ ಎಂಬ ಕಾಲುದಾರಿ ಇದೆ. ರಸ್ತೆಗಳಿಗಿಂತ ಕೆಳಗೆ ಅಗೆದಿದ್ದ ಹಳೆಯ ರೈಲು ಹಳಿಯ ಕಾಲುವೆ. 2009ರಲ್ಲಿ ಅದನ್ನು ನಡಿಗೆಗೆ, ಸೈಕಲ್ಲಿಗೆ ತೆರೆದರು. ಮೆಟ್ಟಿಲಿಲ್ಲ, ಇಳಿಜಾರು ದಾರಿ.

ಆ ದಾರಿಯಲ್ಲಿ ನಡೆಯುವಾಗ ಪಶ್ಚಿಮಕ್ಕೆ ಮರಗಳ ನಡುವೆ ಗಾಜಿನ ಎತ್ತರದ ಕಟ್ಟಡಗಳು ಕಾಣುತ್ತವೆ, ಲಫಾಯೆಟ್ ಪಾರ್ಕ್. ಮೀಸ್ ವಾನ್ ಡರ್ ರೋ ವಿನ್ಯಾಸ ಎಂದು ವಾಸ್ತುಶಿಲ್ಪದ ವಿದ್ಯಾರ್ಥಿಗಳು ಬಂದು ನೋಡುತ್ತಾರೆ. ಅದಕ್ಕೂ ಮೊದಲು ಅಲ್ಲಿ ಬ್ಲ್ಯಾಕ್ ಬಾಟಮ್ ಎಂಬ ಕರಿಯರ ಬಡಾವಣೆ ಇತ್ತು. ಹೇಸ್ಟಿಂಗ್ಸ್ ಬೀದಿ ಅವರ ಅಂಗಡಿ, ಸಂಗೀತ, ವ್ಯಾಪಾರದ ಬೀದಿ. ಪುನರಾಭಿವೃದ್ಧಿಯ ಹೆಸರಿನಲ್ಲಿ ಅದನ್ನು ನೆಲಸಮ ಮಾಡಿ, ಮೇಲೆ ಹೆದ್ದಾರಿ ಹಾಸಿದರು. ಊರು ಚೇತರಿಸಿಕೊಳ್ಳುತ್ತಿದೆ ಎಂದು ಯಾರಾದರೂ ಹೇಳಿದಾಗ ಇಲ್ಲಿನ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. ಆ ಮಾತು ಅವರು ಹಿಂದೆಯೂ ಕೇಳಿದ್ದಾರೆ.

ಹಳಿ ಪ್ರೇಮಿ

ಇಷ್ಟು ಬರೆದರೂ ಮಿಷಿಗನ್ ಸೆಂಟ್ರಲ್ ಎಂದು ಯಾರೂ ಬಾಯಿಬಿಡಲಿಲ್ಲವಲ್ಲ! 1913ರಲ್ಲಿ ತೆರೆದ ರೈಲು ನಿಲ್ದಾಣ, ಹಿಂದೆ ಹದಿನೆಂಟು ಅಂತಸ್ತಿನ ಗೋಪುರ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ವಿನ್ಯಾಸಗೊಳಿಸಿದ ಸಂಸ್ಥೆಗಳದೇ ಕೆಲಸ. 1988ರ ಜನವರಿಯಲ್ಲಿ ಕೊನೆಯ ರೈಲು ಹೊರಟಿತು. ಆಮೇಲೆ ಮೂವತ್ತು ವರ್ಷ ತಾಮ್ರದ ತಂತಿಯಿಂದ ಹಿಡಿದು ಅಮೃತಶಿಲೆಯವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಜನ ಹೊತ್ತೊಯ್ದರು. 2009ರಲ್ಲಿ ಕೆಡವಿಬಿಡಿ ಎಂದು ನಗರ ಪರಿಷತ್ತು ನಿರ್ಣಯವನ್ನೂ ಮಾಡಿತ್ತು, ಪುಣ್ಯಕ್ಕೆ ಯಾರೂ ಕೆಡವಲಿಲ್ಲ. 2018ರಲ್ಲಿ ಫೋರ್ಡ್ ಕಂಪನಿ ಕೊಂಡು, ದುರಸ್ತಿ ಮಾಡಿ, 2024ರ ಜೂನ್‌ನಲ್ಲಿ ಮತ್ತೆ ತೆರೆಯಿತು.

ನನಗೆ ಇಷ್ಟವಾದ ಭಾಗ ಇದು. ಫೋರ್ಡ್ ಕೊಂಡ ಸುದ್ದಿ ಹರಡಿದ ಮೇಲೆ ಹೆಸರು ಹೇಳದವರೊಬ್ಬರು ಫೋನ್ ಮಾಡಿದರು: ನಿಲ್ದಾಣದ ಗಡಿಯಾರ ನನ್ನಲ್ಲಿದೆ, ಬಂದು ತೆಗೆದುಕೊಂಡು ಹೋಗಿ. ಹೋಗಿ ನೋಡಿದರೆ ಸುಟ್ಟ ಕಟ್ಟಡವೊಂದಕ್ಕೆ ಒರಗಿಸಿ, ಕಂಬಳಿ ಸುತ್ತಿ ಇಟ್ಟಿದ್ದರು. ಆಮೇಲೆ ಇನ್ನೂ ಹಲವರು ತಾವು ಒಯ್ದದ್ದನ್ನು ತಂದುಕೊಟ್ಟರು. ಯಾರು, ಯಾವಾಗ ಎಂದು ಕಂಪನಿ ಕೇಳಲಿಲ್ಲ.

ಒಂದೇ ಬೇಸರ, ಅಲ್ಲಿಗೆ ರೈಲು ಬರುವುದಿಲ್ಲ. ತಂದೆಯವರ ಶಿಕಾಗೋ ರೈಲು ಬಂದು ನಿಲ್ಲುವುದು ವುಡ್‌ವರ್ಡ್ ರಸ್ತೆಯ ಉತ್ತರ ತುದಿಯ ಒಂದು ಸಣ್ಣ ನಿಲ್ದಾಣದಲ್ಲಿ. ಅಲ್ಲಿಂದ ಕ್ಯೂಲೈನ್ ಹತ್ತಿರವೇ ಇದೆ.

ಲೆಕ್ಕದ ಪುಸ್ತಕ

ಚೇತರಿಕೆ ಎನ್ನುವ ಮೊದಲು ಅಂಕಿಗಳನ್ನು ಒಮ್ಮೆ ಸಾಲಾಗಿ ನೋಡೋಣ. 1950ರಲ್ಲಿ ಜನಸಂಖ್ಯೆ 18,49,568. 2020ರಲ್ಲಿ 6,39,111. ಮೂವರಲ್ಲಿ ಇಬ್ಬರು ಹೋದರು, ಆದರೆ ಊರಿನ ವಿಸ್ತೀರ್ಣ ಹಾಗೆಯೇ ಉಳಿಯಿತು. ಸುಮಾರು 139 ಚದರ ಮೈಲಿಯ ರಸ್ತೆ, ಕೊಳವೆ, ಬೀದಿದೀಪಗಳನ್ನು ಮೂರನೇ ಒಂದು ಪಾಲು ತೆರಿಗೆದಾರರು ಹೊರಬೇಕು. 2013ರ ಜುಲೈನಲ್ಲಿ ನಗರ ದಿವಾಳಿ ಅರ್ಜಿ ಹಾಕಿದಾಗ ಅಂದಾಜು ಹೊಣೆ 1,800 ಕೋಟಿ ಡಾಲರ್. ಅಮೆರಿಕದ ನಗರಗಳ ಪೈಕಿ ಅತಿ ದೊಡ್ಡ ದಿವಾಳಿ. ಆಗ ಬೀದಿದೀಪಗಳಲ್ಲಿ ನೂರಕ್ಕೆ ನಲವತ್ತು ಉರಿಯುತ್ತಿರಲಿಲ್ಲ. 2016ರ ಕೊನೆಗೆ 65,000 ಹೊಸ ಎಲ್‌ಇಡಿ ದೀಪಗಳನ್ನು ಹಾಕಿ ಮುಗಿಸಿದರು. ಜನಸಂಖ್ಯೆ 2023ರ ಅಂದಾಜಿನಲ್ಲಿ ತುಸು ಏರಿತು, 1957ರ ನಂತರ ಮೊದಲ ಬಾರಿಗೆ.

ಕಡಲೆ ಸರ್ ಹೇಳಿದ ಆ ಭಿತ್ತಿಚಿತ್ರಗಳ ಮನೆಗೂ ಈ ಲೆಕ್ಕಕ್ಕೂ ನಂಟಿದೆ. ಸಂಗ್ರಹಾಲಯದ ಕಲಾಕೃತಿಗಳು ನಗರದ ಆಸ್ತಿಯಾಗಿದ್ದವು. ಮಾರಿ ಸಾಲ ತೀರಿಸಿ ಎಂದು ಸಾಲ ಕೊಟ್ಟವರು ಪಟ್ಟುಹಿಡಿದರು, ಹರಾಜು ಸಂಸ್ಥೆಯಿಂದ ಬೆಲೆ ಕಟ್ಟಿಸಿದ್ದೂ ಆಯಿತು. ಕೊನೆಗೆ ದತ್ತಿ ಸಂಸ್ಥೆಗಳು, ರಾಜ್ಯ ಸರ್ಕಾರ ಮತ್ತು ಸಂಗ್ರಹಾಲಯ ಸೇರಿ 80 ಕೋಟಿ ಡಾಲರಿಗೂ ಹೆಚ್ಚು ಒಟ್ಟುಮಾಡಿ ನಗರ ನೌಕರರ ಪಿಂಚಣಿಗೆ ಕೊಟ್ಟವು, ಬದಲಿಗೆ ಕಲಾಕೃತಿಗಳು ಉಳಿದವು. ಪಿಂಚಣಿ ಪೂರ್ತಿ ಉಳಿಯಲಿಲ್ಲ. ಸಾಮಾನ್ಯ ನಿವೃತ್ತರಿಗೆ ಶೇಕಡಾ 4.5 ಕಡಿತವಾಯಿತು, ಬೆಲೆಯೇರಿಕೆಗೆ ತಕ್ಕ ಹೆಚ್ಚಳವೂ ನಿಂತಿತು. ಆ ಅಂಗಳದಲ್ಲಿ ನಿಂತಾಗ ಇದು ನೆನಪಿರಲಿ.

ಮಿಡ್‌ಟೌನ್ ವಾಸಿ

ಲೆಕ್ಕದ ಪುಸ್ತಕದವರು ಬಿಟ್ಟ ಒಂದು ಸಾಲು ಸೇರಿಸುತ್ತೇನೆ. ಮನೆಗಳ ಬೆಲೆ ಬಿದ್ದ ಮೇಲೂ ನಗರ ಹಳೆಯ ಬೆಲೆಯ ಮೇಲೆಯೇ ತೆರಿಗೆ ಹಾಕುತ್ತಿತ್ತು. 2010ರಿಂದ 2016ರವರೆಗೆ ಹೀಗೆ ಹೆಚ್ಚಾಗಿ ವಿಧಿಸಿದ್ದು ಸುಮಾರು 60 ಕೋಟಿ ಡಾಲರ್ ಎಂದು ಡೆಟ್ರಾಯಿಟ್ ನ್ಯೂಸ್ ಪತ್ರಿಕೆ 2020ರಲ್ಲಿ ಲೆಕ್ಕ ಹಾಕಿತು. ಬಾಕಿ ಕಟ್ಟಲಾಗದೆ ಮನೆ ಕಳೆದುಕೊಂಡವರು ಸಾವಿರಾರು. ನಿಲ್ದಾಣಕ್ಕೆ ಗಡಿಯಾರ ಮರಳಿ ಬಂದದ್ದು ಸಂತೋಷವೇ. ಮನೆ ಹೀಗೆ ಮರಳಿ ಬಂದವರು ನನ್ನ ಬೀದಿಯಲ್ಲಂತೂ ಇಲ್ಲ.

ಹಳಿ ಪ್ರೇಮಿ

ಹಾಗೆಂದು ನಿಲ್ದಾಣ ಪಾಳುಬಿದ್ದೇ ಇರಬೇಕಿತ್ತೇ? ಅಲ್ಲಿ ದುರಸ್ತಿ ಮಾಡಿದ ಕಲ್ಲುಕುಟಿಗರು, ಗಾರೆಯವರು, ಎಲೆಕ್ಟ್ರಿಷಿಯನ್‌ಗಳು ಕೂಲಿ ಪಡೆದ ಕಾರ್ಮಿಕರೇ ಅಲ್ಲವೇ?

ಮಿಡ್‌ಟೌನ್ ವಾಸಿ

ಇರಬೇಕಿತ್ತು ಎಂದು ನಾನು ಹೇಳಲಿಲ್ಲ. ನಿಲ್ದಾಣವನ್ನು ಮಾತ್ರ ತೋರಿಸಿ ಊರು ತೋರಿಸಿದೆ ಎನ್ನಬೇಡಿ ಎಂದೆ.

ನಿರ್ವಾಹಕ

ಇಬ್ಬರೂ ಹೇಳಬೇಕಾದದ್ದನ್ನು ಹೇಳಿದ್ದೀರಿ. ಕೇಳಿದವರಿಗೆ ಊಟದ ಪ್ರಶ್ನೆಯೂ ಇತ್ತು, ಅದನ್ನು ಯಾರೂ ಮುಟ್ಟಿಲ್ಲ.

ನಡುಹಗಲ ನಕ್ಷತ್ರ

ಅದಕ್ಕೆ ನಾನು ಅರ್ಹ. ಊರಿನ ಪ್ರಸಿದ್ಧ ಕೋನಿ ಡಾಗ್ ನಿಮಗಲ್ಲ, ಅದರ ತುಂಬ ಮಾಂಸ. ಡೆಟ್ರಾಯಿಟ್ ಪಿಜ್ಜಾ ತಿನ್ನಿ. ಆಯತಾಕಾರ, ದಪ್ಪ, ಅಂಚಿನಲ್ಲಿ ಚೀಸ್ ಸುಟ್ಟು ಗರಿಗರಿಯಾಗಿರುತ್ತದೆ. 1946ರಲ್ಲಿ ಶುರುವಾದದ್ದು. ಮೊದಲಿಗೆ ಅದನ್ನು ಬೇಯಿಸಿದ ಉಕ್ಕಿನ ತಟ್ಟೆಗಳು ಕಾರು ಕಾರ್ಖಾನೆಗಳಲ್ಲಿ ಬಳಸುತ್ತಿದ್ದಂಥವು ಎಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಟರ್ನರ್ ಸಾಹೇಬರಿಗೆ ಇದಕ್ಕಿಂತ ತಕ್ಕ ಊಟ ಇನ್ನಾವುದು?

ಶರಾವತಿಯ ಮಗಳು

ಹೋಗಿ ಬಂದೆವು. ಎಲ್ಲರಿಗೂ ವಂದನೆ. ಮುಂದೆ ಹೋಗುವವರಿಗೆ ಉಪಯೋಗವಾಗಲಿ ಎಂದು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಈಸ್ಟರ್ನ್ ಮಾರ್ಕೆಟ್‌ಗೆ ಟ್ಯಾಕ್ಸಿಯಲ್ಲಿ ಹೋದೆವು. ಅಲ್ಲಿ ಹಣ್ಣು, ಬ್ರೆಡ್ಡು ಕೊಂಡು ತಿಂದದ್ದೇ ಬೆಳಗಿನ ಉಪಾಹಾರ. ಡಿಕ್ವಿಂಡರ್ ಕಟ್ ದಾರಿಯನ್ನು ಅರ್ಧದಷ್ಟು ನಡೆದೆವು. ಸೇತುವೆಗಳ ಕೆಳಗಿನ ಚಿತ್ರಗಳಿಗಿಂತ ಅಪ್ಪನಿಗೆ ಹಿಡಿಸಿದ್ದು ಆ ಸೇತುವೆಗಳ ಉಕ್ಕಿನ ತೊಲೆಗಳಿಗೆ ಬಡಿದ ರಿವೆಟ್ಟುಗಳು.

ಪಿಕೆಟ್‌ನಲ್ಲಿ ಅವರು ಕಾರುಗಳನ್ನು ಅಷ್ಟಾಗಿ ನೋಡಲೇ ಇಲ್ಲ. ಎಣ್ಣೆ ಕುಡಿದು ಕಪ್ಪಾದ ನೆಲದ ಹಲಗೆಗಳನ್ನು ನೋಡಿದರು, ಕಿಟಕಿಯ ಬೆಳಕು ಎಷ್ಟು ಒಳಗೆ ಬರುತ್ತದೆ ಎಂದು ಹೆಜ್ಜೆ ಹಾಕಿ ಅಳೆದರು. ಕಡಲೆ ಸರ್ ಹೇಳಿದ ಎರಡು ಅಂಕಿಗಳನ್ನು ಅಲ್ಲೇ ಹೇಳಿದೆ. "ಐದು ಡಾಲರ್ ಕೊಡದಿದ್ದರೆ ಸಾಲು ನಿಂತುಹೋಗುತ್ತಿತ್ತು, ಕೊಟ್ಟ" ಎಂದರು, ಅಷ್ಟೇ. ಅದರಲ್ಲಿ ಔದಾರ್ಯವೂ ಇಲ್ಲ, ದೂರೂ ಇಲ್ಲ ಎಂಬಂತೆ.

ರಿವೇರಾ ಅಂಗಳದಲ್ಲಿ ಎರಡು ಗಂಟೆ ಸಾಲಲಿಲ್ಲ. ಉತ್ತರದ ಗೋಡೆಯಲ್ಲಿ ವಿ8 ಎಂಜಿನ್ ತಯಾರಾಗುತ್ತಿದೆ. ಒಂದೇ ಸಲಕ್ಕೆ ಹಲವು ರಂಧ್ರ ಕೊರೆಯುವ ಬಹು ಸ್ಪಿಂಡಲ್ ಡ್ರಿಲ್ಲುಗಳನ್ನು ಅಪ್ಪ ದೂರದಿಂದಲೇ ಗುರುತಿಸಿದರು. ಆಮೇಲೆ ಕೆಲಸಗಾರರ ಕಾಲುಗಳನ್ನು ತೋರಿಸಿದರು. ಎಂಜಿನ್ ಬ್ಲಾಕ್ ಎಳೆಯುವವನ ಭಾರ ಎಲ್ಲ ಹಿಂಗಾಲಿನ ಮೇಲಿದೆ, ನೋಡದೆ ಇದನ್ನು ಬರೆಯಲಾಗದು ಎಂದರು. ದಕ್ಷಿಣದ ಗೋಡೆಯಲ್ಲಿ ಒಂದು ಭಾರಿ ಪ್ರೆಸ್ ಇದೆ. ಅದಕ್ಕೆ ಪ್ರಾಚೀನ ಮೆಕ್ಸಿಕೋದ ಕೋಟ್ಲಿಕ್ಯೂ ದೇವತೆಯ ರೂಪ ಕೊಟ್ಟಿದ್ದಾನೆ ಎಂದು ಮಾರ್ಗದರ್ಶಿ ವಿವರಿಸಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅಪ್ಪನಿಗೆ ಆಶ್ಚರ್ಯವೇ ಆಗಲಿಲ್ಲ. ಆಯುಧಪೂಜೆಗೆ ಲೇತಿಗೆ ಕುಂಕುಮ ಹಚ್ಚಿದವರು ತಾನೇ.

ಇಷ್ಟೆಲ್ಲ ಯಂತ್ರ, ಇಷ್ಟೆಲ್ಲ ಜನ, ಮುಗಿದ ಕಾರು ಎಲ್ಲಿ ಎಂದು ಅಪ್ಪ ಹುಡುಕತೊಡಗಿದರು. ಸಾಲಿನ ಕೊನೆಯಲ್ಲಿ, ತುಂಬ ದೂರದಲ್ಲಿ, ಬೆರಳುಗುರಿನಷ್ಟು ಕೆಂಪು ಕಾರು ಇದೆ. ಗೋಡೆಯ ತುಂಬ ಇರುವುದೆಲ್ಲ ದುಡಿಯುವವರ ಬೆನ್ನು, ತೋಳು. ಮತ್ತೊಂದು ವಿಷಯ ನನಗೆ ಅಲ್ಲೇ ತಿಳಿಯಿತು. 1932ರ ಮಾರ್ಚ್‌ನಲ್ಲಿ ರೂಜ್ ಕಾರ್ಖಾನೆಯ ಬಳಿ ನಿರುದ್ಯೋಗಿಗಳ ಮೆರವಣಿಗೆಯ ಮೇಲೆ ಗುಂಡು ಹಾರಿಸಿ ಜನರನ್ನು ಕೊಂದರು. ಮರುತಿಂಗಳೇ ರಿವೇರಾ ಈ ಊರಿಗೆ ಬಂದಿಳಿದ. ಹಣ ಕೊಟ್ಟವನು ಹೆನ್ರಿ ಫೋರ್ಡನ ಮಗ ಎಡ್ಸೆಲ್. ಚಿತ್ರ ಮುಗಿದಾಗ ಸುಣ್ಣ ಬಳಿದು ಅಳಿಸಿ ಎಂದು ಗದ್ದಲವಾಯಿತು, ಎಡ್ಸೆಲ್ ಒಪ್ಪಲಿಲ್ಲ.

ಲೆಕ್ಕದ ಪುಸ್ತಕದವರೇ, ಪಿಂಚಣಿಯ ಕಥೆಯನ್ನೂ ಅಪ್ಪನಿಗೆ ಹೇಳಿದೆ. ಶೇಕಡಾ 4.5 ಹೋದದ್ದಕ್ಕಿಂತ ಬೆಲೆಯೇರಿಕೆಯ ಹೆಚ್ಚಳ ನಿಂತದ್ದೇ ದೊಡ್ಡ ಪೆಟ್ಟು ಎಂದರು. ಇಪ್ಪತ್ತು ವರ್ಷ ಬದುಕಿದವನಿಗೆ ಅದು ತಿಳಿಯುತ್ತದೆಯಂತೆ.

ಸಂಜೆ ಮಿಷಿಗನ್ ಸೆಂಟ್ರಲ್. ಚಂದವಾಗಿದೆ, ಸುಳ್ಳು ಹೇಳಬಾರದು. ಪಾಳುಬಿದ್ದ ಕಾಲದ ಗೋಡೆಬರಹಗಳನ್ನು ಕೆಲವು ಕಡೆ ಹಾಗೆಯೇ ಉಳಿಸಿದ್ದಾರೆ. ಜನ ಫೋಟೋಗೆ ನಿಂತಿದ್ದರು, ಮದುವೆಯ ಉಡುಪಿನ ಒಂದು ಜೋಡಿಯೂ ಇತ್ತು. ಆದರೆ ಬೆಳಿಗ್ಗೆ ಸಂತೆಯಲ್ಲಿ ಕಂಡ ಗಡಿಬಿಡಿ ಇಲ್ಲಿರಲಿಲ್ಲ. ಗಾರ್ಡಿಯನ್ ಬಿಲ್ಡಿಂಗ್ ಬಿಟ್ಟುಬಿಟ್ಟೆವು, ಅಪ್ಪ ದಣಿದಿದ್ದರು. ಪಿಜ್ಜಾದ ಗರಿಗರಿ ಅಂಚನ್ನು ಮಾತ್ರ ತಿಂದು, ನಡುವಿನ ಭಾಗವನ್ನು ನನ್ನ ತಟ್ಟೆಗೆ ಹಾಕಿದರು.

ಈಗ ಒಂದೇ ತಕರಾರು. ಜೋಡಣಾ ಸಾಲು ಶುರುವಾದ ಜಾಗಕ್ಕೆ ಏಕೆ ಕರೆದೊಯ್ಯಲಿಲ್ಲ ಎಂದು ಅಪ್ಪ ಕೇಳುತ್ತಿದ್ದಾರೆ. ಹೈಲ್ಯಾಂಡ್ ಪಾರ್ಕ್‌ನಲ್ಲಿ ನೋಡಲು ಏನಾದರೂ ಇದೆಯೇ?

ಲೆಕ್ಕದ ಪುಸ್ತಕ

ತಂದೆಯವರ ಮಾತು ನಿಜ. ಶೇಕಡಾ 4.5 ಒಮ್ಮೆ ಕಡಿತವಾಗಿ ನಿಲ್ಲುತ್ತದೆ. ಬೆಲೆಯೇರಿಕೆ ಪ್ರತಿ ವರ್ಷ ಕಚ್ಚುತ್ತದೆ. ನಾನು ಅದನ್ನು ಸಾಲಿನ ಕೊನೆಗೆ ಬರೆದಿದ್ದೆ, ಮೊದಲು ಬರೆಯಬೇಕಾದದ್ದು ಅದೇ.

ಕಬ್ಬಿಣದ ಕಡಲೆ

ಹೈಲ್ಯಾಂಡ್ ಪಾರ್ಕ್ ಬೇರೆಯೇ ಪುರಸಭೆ ತಂಗಿ, ಸುತ್ತಲೂ ಬಹುಪಾಲು ಡೆಟ್ರಾಯಿಟ್, ನಡುವೆ ಅದು. ಕಾರ್ಖಾನೆಯ ಕೆಲವು ಕಟ್ಟಡಗಳು ವುಡ್‌ವರ್ಡ್ ರಸ್ತೆಯಲ್ಲೇ ನಿಂತಿವೆ, ರಾಜ್ಯ ಸರ್ಕಾರದ ಸ್ಮಾರಕ ಫಲಕವೂ ಇದೆ. ಪಕ್ಕದಲ್ಲಿ ಮಾಡೆಲ್ ಟಿ ಪ್ಲಾಜಾ ಎಂಬ ಅಂಗಡಿ ಸಾಲು. ಕಾರ್ಖಾನೆಯನ್ನು ಪ್ರವಾಸಿಗರು ಹೊರಗಿನಿಂದಲೇ ನೋಡಬೇಕು. ನಾನು ಪಟ್ಟಿಗೆ ಸೇರಿಸದಿದ್ದುದು ಅದಕ್ಕೇ, ಬರೀ ಗೋಡೆ ತೋರಿಸಲು ವಯಸ್ಸಾದವರನ್ನು ಅಷ್ಟು ದೂರ ಕಳಿಸುವುದು ಸರಿ ಎನಿಸಲಿಲ್ಲ.

ಆ ಊರಿನ ಬೇರೊಂದು ವಿಷಯ ಅವರಿಗೆ ಹೇಳಿ. 2011ರಲ್ಲಿ ವಿದ್ಯುತ್ ಬಾಕಿ ಕಟ್ಟಲಾಗದೆ ಪುರಸಭೆ ಕಂಪನಿಯೊಂದಿಗೆ ರಾಜಿ ಮಾಡಿಕೊಂಡಿತು. ಅದರಂತೆ ಒಂದು ಸಾವಿರಕ್ಕೂ ಹೆಚ್ಚು ಬೀದಿದೀಪಗಳನ್ನು ಕಂಬ ಸಮೇತ ಕಿತ್ತುಕೊಂಡು ಹೋದರು. ಆಮೇಲೆ ಅಲ್ಲಿನ ನಿವಾಸಿಗಳೇ ಸಂಘ ಕಟ್ಟಿಕೊಂಡು ಸೌರ ಬೀದಿದೀಪ ಹಾಕತೊಡಗಿದರು.

ಶರಾವತಿಯ ಮಗಳು

ಓದಿ ಹೇಳಿದೆ. ಗೋಡೆಯಾದರೂ ಪರವಾಗಿಲ್ಲವಂತೆ, ಆ ದೀಪದ ಕಂಬಗಳನ್ನೂ ನೋಡಬೇಕಂತೆ. ಬಸ್ ಇದೆಯೇ?

ಮಿಡ್‌ಟೌನ್ ವಾಸಿ

ಇದೆ. ಡೆಟ್ರಾಯಿಟ್ ನಗರ ಸಾರಿಗೆಯ 4ನೇ ಸಂಖ್ಯೆಯ ವುಡ್‌ವರ್ಡ್ ಬಸ್, ಊರಿನ ನಡುಭಾಗದಿಂದಲೇ ಹೊರಡುತ್ತದೆ. ಮ್ಯಾಂಚೆಸ್ಟರ್ ಬೀದಿಯ ಹತ್ತಿರ ಇಳಿಯಬೇಕು. ದೀಪ ನೋಡಬೇಕೆಂದರೆ ಕತ್ತಲಾಗುವ ತನಕ ಕಾಯಬೇಕಾಗುತ್ತದೆ, ಆದ್ದರಿಂದ ವಾಪಸ್ ಬರುವ ಬಸ್ಸಿನ ಸಮಯವನ್ನು ಮೊದಲೇ ನೋಡಿಟ್ಟುಕೊಳ್ಳಿ.